ಉಸಿರು ಜೋರಾದಾಗ

"ಮತ್ತ ಕೈ ಬಿಟ್ಟೆಲ್ಲೋ!"

ನಾಗಜ್ಯೋತಿ ಮ್ಯಾಟ್ ಮೇಲೆ ಎದ್ದು ಕೂತು, ದುರುಗೇಶನ ಜೂಡೋ ಅಂಗಿಯ ಕಾಲರ್ ಹಿಡಿದು ಜಗ್ಗಿದಳು.

ಆದೋನಿಯ ಆ ಕ್ಲಾಸಿನಲ್ಲಿ ಅವಳ ತೂಕಕ್ಕೆ ಸರಿಯಾದ ಹುಡುಗಿ ಇರಲಿಲ್ಲ. ಅದಕ್ಕೇ ಬಾಲರಾಜ್ ಸಾರ್ ಮೂರು ವಾರದ ಹಿಂದೆ ಹಾಲಹರವಿಯ ಕುರಿ ಸಾಕುವ ಮನೆಯ ದುರುಗೇಶನನ್ನು ಅವಳಿಗೆ ಜೋಡಿ ಮಾಡಿದ್ದರು. ಅವನು ಅವಳ ಎದೆಯ ಮೇಲೆ ಅಡ್ಡ ಬಿದ್ದು ಒತ್ತಿ ಹಿಡಿಯಬೇಕು. ಅವಳು ಮಗ್ಗುಲಿಗೆ ಹೊರಳಿ, ಸೊಂಟ ಹಿಂದಕ್ಕೆ ಸರಿಸಿ, ನಡುವೆ ಮೊಣಕಾಲು ತೂರಿಸಿ ಬಿಡಿಸಿಕೊಳ್ಳಬೇಕು. ಅಷ್ಟೇ ಪಾಠ.

ಆದರೆ ಈ ಪುಣ್ಯಾತ್ಮ ಒಂದು ದಿನವಾದರೂ ಗಟ್ಟಿಯಾಗಿ ಹಿಡಿದಿದ್ದರೆ ಕೇಳಿ! ಅವಳು ಹೊರಳುವ ಮೊದಲೇ ಕೈ ಸಡಿಲ.

ಅದರ ಫಲ ಇವತ್ತು ಬೆಳಿಗ್ಗೆ ಸಿಕ್ಕಿತ್ತು. ಪರೀಕ್ಷೆಯಲ್ಲಿ ಸೀನಿಯರ್ ಮೌನಿಕಾ ಒತ್ತಿ ಹಿಡಿದಾಗ ನಾಗಜ್ಯೋತಿಗೆ ಒಂದಿಂಚೂ ಸರಿಯಲಾಗಲಿಲ್ಲ.

"ಟೈಮ್ ಅಯಿಪೋಯಿಂದಿ!" ಎಂದು ತೆಲುಗಿನಲ್ಲಿ ಕೂಗಿ, ಸಮಯ ಮುಗಿಯಿತೆಂದು ಕೈ ಎತ್ತಿದ್ದರು ಸಾರ್. "ಸಾಯಂಕಾಲ ಇನ್ನೊಂದ್ಸಲ ನೋಡತೀನಿ. ಆಗೂ ಆಗಲಿಲ್ಲಂದ್ರ ಕರ್ನೂಲು ಪಂದ್ಯದ ಲಿಸ್ಟಿನ್ಯಾಗ ನಿನ್ನ ಹೆಸರಿಲ್ಲ ತಾಯೀ."

ಜೋಡಿ ಗಟ್ಟಿಯಾಗಿ ಹಿಡಿಯಲೇ ಇಲ್ಲ ಎಂದು ಈಗ ಹೊರಗೆ ಹೇಳಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ನಕ್ಕಾರು. ಛೇ!

"ಹೆಣ್ಣಂತ ಕನಿಕರಾನಾ? ನನಗ ನಿನ್ನ ಕನಿಕರ ಬೇಕಾಗಿಲ್ಲ!" ಅವಳ ಕಣ್ಣು ತುಂಬಿತು.

ದುರುಗೇಶ ತಲೆ ತಗ್ಗಿಸಿದ. "ಕನಿಕರ ಅಲ್ಲ ಜ್ಯೋತಿ... ರೂಢಿ. ಉಣ್ಣೆ ಕತ್ತರಿಸುವಾಗ ಕುರಿ ಹೆಂಗ ಹಿಡೀಬೇಕಂತ ನಮ್ಮವ್ವ ಕಲಿಸ್ಯಾಳ. ಉಸಿರು ಜೋರಾತಂದ್ರ ಕುರಿ ಹೆದರೈತಿ ಅಂತ, ಕೈ ಸಡಿಲ ಮಾಡಬೇಕು. ನಿನ್ನ ಉಸಿರೂ... ನಾ ಹತ್ರ ಬಂದ ಕೂಡ್ಲೇ ಜೋರಾಗತೈತಿ."

"ನನ್ನ ಕುರಿ ಮಾಡಿದೇನೋ?!"

ಬೈದಳೇ ಹೊರತು ಅವಳ ಮುಖ ಬಿಸಿಯಾಗಿತ್ತು. 'ದಡ್ಡ! ಉಸಿರು ಹೆದರಿಕೆಗೆ ಮಾತ್ರ ಜೋರಾಗುತ್ತದೆಯೇ?'

"ಅದು ಹೆದರಿಕಿ ಅಲ್ಲೋ..."

"ಮತ್ತೇನು?"

"ಮೊದ್ಲು ಗಟ್ಟಿ ಹಿಡಿ. ಲಿಸ್ಟಿನ್ಯಾಗ ಹೆಸರು ಬಂದ ಮ್ಯಾಲೆ ಹೇಳತೀನಿ."

ಅವನು ಹಿಡಿದ. ಮೊದಲ ಸಲ, ಪೂರ್ತಿ ಭಾರ ಹಾಕಿ! ಒಂಬತ್ತು ಸಲ ಸೋತಳು, ಮ್ಯಾಟ್‌ಗೆ ಗುದ್ದಿದಳು. ಹತ್ತನೇ ಸಲಕ್ಕೆ ಸೊಂಟ ಸರಿಯಿತು, ಮೊಣಕಾಲು ತೂರಿತು... ಹೊರಗೆ!

ಸಾಯಂಕಾಲ ಮೌನಿಕಾಳ ಹಿಡಿತದಿಂದ ಹದಿನಾಲ್ಕು ಸೆಕೆಂಡಿನಲ್ಲಿ ಬಿಡಿಸಿಕೊಂಡಳು. ಸಾರ್ ಲಿಸ್ಟಿನಲ್ಲಿ ಅವಳ ಹೆಸರು ಬರೆದುಕೊಂಡರು.

ಬಾಗಿಲಲ್ಲಿ ದುರುಗೇಶ ಕಾಯುತ್ತಿದ್ದ. "ಈಗ ಹೇಳು. ಹೆದರಿಕಿ ಅಲ್ಲಂದ್ರ ಏನದು?"

ನಾಗಜ್ಯೋತಿ ಅವನ ಕೈ ಹಿಡಿದಳು. "ನಿನ್ನ ಮ್ಯಾಲಿನ ಪ್ರೀತಿ... ಇಷ್ಟೂ ತಿಳೀಲಿಲ್ಲೇನು?"

ಅವನು ಒಂದು ಹೆಜ್ಜೆ ಹತ್ತಿರ ಬಂದ. ಎದೆ ಜೋರಾಗಿ ಏರಿಳಿಯಿತು.

"ನಿನ್ನ ಉಸಿರೂ ಜೋರಾಗೈತಲ್ಲೋ! ಕೈ ಬಿಡಲೇನು?"

"ಬಿಡಬ್ಯಾಡ," ಎಂದ ದುರುಗೇಶ.