ಲೂಡೋನ ಗುರುವಾರ

ಸಿಗ್ನೆ ಬ್ರೆಡ್ಡಿಗೆ ಸವರಿ ಕೊಟ್ಟ ಲಿವರ್ ಪೇಸ್ಟನ್ನು ಲೂಡೋ ಬೆಳಗಿನಿಂದ ಮೂಸಿಯೂ ನೋಡಿರಲಿಲ್ಲ. ಮಲೇನೆ ಬಂದು ಅದನ್ನೇ ಬೆರಳಲ್ಲಿ ತೆಗೆದು ಹಿಡಿದದ್ದೇ ತಡ, ಬಾಲ ಅಲ್ಲಾಡಿಸುತ್ತಾ ನೆಕ್ಕಿಬಿಟ್ಟ.

ಸಿಗ್ನೆಗೆ ಮೈಯೆಲ್ಲ ಉರಿದುಹೋಯಿತು. ಸವತಿ ಮತ್ಸರಕ್ಕೆ ಊರು ಕೇರಿ ಉಂಟೇ?

ಮಲೇನೆ ಸಿಗ್ನೆಯ ಗಂಡ ಆಸ್ಗರ್‌ನ ಮಾಜಿ ಹೆಂಡತಿ. ಲೂಡೋನನ್ನು ಮರಿಯಾಗಿದ್ದಾಗ ತಂದದ್ದು ಅವರಿಬ್ಬರೂ ಸೇರಿ. ಆಮೇಲೆ ಮದುವೆ ಮುರಿಯಿತು, ಸಿಗ್ನೆ ಬಂದಳು, ಆರ್ಹೂಸ್ ನಗರದ ಈ ಮನೆಯಲ್ಲಿ ಪರದೆಯಿಂದ ಚಮಚದವರೆಗೆ ಎಲ್ಲ ಬದಲಾಯಿತು. ಉಳಿದದ್ದು ನಾಯಿಯೊಂದೇ. ಈಗ ಅವನಿಗೆ ಕ್ಯಾನ್ಸರ್.

ಪ್ರತಿ ಗುರುವಾರ ಕರೆತಂದು ಕೀಮೋ ಕೊಡಿಸಿದರೆ ಒಂದು ವರ್ಷ ಸಿಗಬಹುದು. ಬರೀ ಮಾತ್ರೆಯಾದರೆ ಒಂದೆರಡು ತಿಂಗಳು ಎಂದಿದ್ದರು ಡಾಕ್ಟರು. ನಾಳೆ ಉತ್ತರ ಹೇಳಬೇಕಿತ್ತು. ಮಲೇನೆಯನ್ನೂ ಕೇಳೋಣ ಎಂದು ಆಸ್ಗರ್ ಕರೆಸಿದ್ದ.

ಅವನೂ ಮಲೇನೆಯೂ ನೆಲದ ಮೇಲೆ, ಭುಜಕ್ಕೆ ಭುಜ ತಾಗಿಸಿ ಕೂತಿದ್ದರು.

“ಕ್ರಿಸ್‌ಮಸ್ ಬಾತುಕೋಳಿನ ಪೂರ್ತಿ ಮುಗಿಸಿದ್ನಲ್ಲ, ನೆನಪಿದೆಯಾ?” ಎಂದಳು ಮಲೇನೆ.

“ನಿಮ್ಮಮ್ಮನ ಮುಖ ಮರೀತೀನಾ!” ಆಸ್ಗರ್ ಕಣ್ಣೊರೆಸಿಕೊಂಡು ನಕ್ಕ.

ಅಂಥ ನಗು ಸಿಗ್ನೆ ಎಂದೂ ಕೇಳಿರಲಿಲ್ಲ. ಕಾಫಿ ಲೋಟಗಳನ್ನು ಮೇಜಿನ ಮೇಲೆ ಕುಕ್ಕಿದಳು.

“ಕೀಮೋ ಕೊಡಿಸೋಣ. ಪ್ರತಿ ಗುರುವಾರ ನಾನೇ ಕಾರು ತರ್ತೀನಿ,” ಎಂದಳು ಮಲೇನೆ.

ಪ್ರತಿ ಗುರುವಾರ!

“ಪಾಪ, ಅವನನ್ನ ಯಾಕೆ ಗೋಳು ಹೊಯ್ಕೋತೀರಾ? ಮಾತ್ರೆ ಸಾಕು,” ಎಂದುಬಿಟ್ಟಳು ಸಿಗ್ನೆ.

ಮಲೇನೆ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. “ನಿಮ್ಮನೆ ನಾಯಿ. ನೀವೇ ತೀರ್ಮಾನ ಮಾಡಿ,” ಎಂದು ಕೋಟು ಹಾಕಿಕೊಂಡು ಹೊರಟುಹೋದಳು.

“ಸರಿ, ನೀನು ಹೇಳಿದ ಹಾಗೇ ಆಗ್ಲಿ,” ಎಂದ ಆಸ್ಗರ್. “ಮಾತ್ರೆನೇ ಕೊಡೋಣ. ಅವನನ್ನ ನಿನ್ನಷ್ಟು ಬಲ್ಲೋರು ಯಾರಿದಾರೆ?”

“ನಾನಾ?”

“ದವಡೆ ಕೆಳಗಿನ ಗಂಟು ಯಾರ ಕೈಗೆ ಸಿಕ್ಕಿದ್ದು? ದಿನಾ ಕದ್ದುಮುಚ್ಚಿ ಅವನ ಗದ್ದ ಕೆರೀತೀಯ, ನಂಗೊತ್ತಿಲ್ಲ ಅಂದ್ಕೊಂಡ್ಯಾ? ಮೆಟ್ಟಿಲ ಮೇಲೆ ನಿನ್ನ ಸದ್ದಾದ್ರೆ ಬಾಗಿಲಿಗೆ ಓಡ್ತಾನೆ. ನಾನು ಬಂದ್ರೆ ಒಂದು ಕಣ್ಣು ಬಿಡ್ತಾನೆ, ಅಷ್ಟೇ. ನಂಗೂ ಹೊಟ್ಟೆ ಉರಿಯುತ್ತೆ ಕಣೇ.”

ಸಿಗ್ನೆಗೆ ಅಳು ತಡೆಯಲಾಗಲಿಲ್ಲ.

“ನನ್ನ ಮಾತು ಕೇಳ್ಬೇಡ ಕಣೋ. ಅವನಿಗೆ ನೋವಾಗುತ್ತೆ ಅಂತ ಹೇಳಿದ್ದಲ್ಲ. ವಾರವಾರ ಅವಳು ಬಂದು ಹೀಗೆ ನಿನ್ನ ಪಕ್ಕ ಕೂರ್ತಾಳಲ್ಲ, ಅದಕ್ಕೆ ಹೇಳ್ದೆ.”

ನಾಚಿಕೆಯಿಂದ ಅವಳ ತಲೆ ತಗ್ಗಿತು.

“ಅವಳ ಜೊತೆ ನಕ್ಕಿದ್ದು ನಿಜ,” ಎಂದ ಆಸ್ಗರ್. “ಆದ್ರೆ ಅಳೋಕೆ ನಂಗೆ ನೀನೇ ಬೇಕು.”

ಅವನು ಅವಳ ಮಡಿಲಲ್ಲಿ ತಲೆಯಿಟ್ಟ. ಲೂಡೋ ಇಬ್ಬರ ನಡುವೆ ಮೂತಿ ತೂರಿಸಿದ.

“ಕೀಮೋನೇ ಕೊಡಿಸೋಣ,” ಎಂದಳು ಸಿಗ್ನೆ, ಲೂಡೋನ ಗದ್ದ ಕೆರೆಯುತ್ತಾ. “ಇವನಿಗೆ ತಡೆಯೋಕಾಗ್ಲಿಲ್ಲ ಅಂದ್ರೆ ಆವತ್ತೇ ನಿಲ್ಲಿಸೋಣ.” ಮಲೇನೆಗೆ ಫೋನ್ ಮಾಡಿದವಳೂ ಅವಳೇ. “ಗುರುವಾರ ಕಾರು ತಗೊಂಡು ಬಾ. ಲೂಡೋ ಜೊತೆ ನಾನು ಬರ್ತೀನಿ. ಆಸ್ಗರ್ ಮನೇಲೇ ಇರ್ತಾನೆ!”

ಆ ಕಡೆ ಮಲೇನೆ ಜೋರಾಗಿ ನಕ್ಕಳು.

ಕೆಲವು ವಾರ ಕಳೆದ ಮೇಲೆ ಒಂದು ಗುರುವಾರ, ಅಂಗಳದಲ್ಲಿ ಕಾರಿನ ಸದ್ದು ಕೇಳಿದೊಡನೆ ಲೂಡೋ ಬೆಲ್ಟು ಜಗ್ಗಿದ. ಮೊದಲ ವಾರಗಳಲ್ಲಿ ಮೆಟ್ಟಿಲಿಳಿಯಲೂ ಆಗದೆ ಸಿಗ್ನೆ ಎತ್ತಿಕೊಂಡು ಓಡಾಡಿಸಿದ್ದ ನಾಯಿ ಅದು. ಅವನ ಕಣ್ಣೆಲ್ಲ ಮಲೇನೆಯ ಮೇಲೇ. ಸಿಗ್ನೆ ಒಂದು ಕ್ಷಣ ಬೆಲ್ಟನ್ನು ಇನ್ನೂ ಬಿಗಿಯಾಗಿ ಹಿಡಿದಳು.

“ಓಡು ಕಳ್ಳ, ಓಡು!” ಎಂದು ಅವಳು ಬೆಲ್ಟು ಬಿಟ್ಟಳು.