ಪಾಲಿಶ್ ಕೋಣೆಯ ಬಾಗಿಲು

"ಈ ಬಾಗ್ಲು ದಾಟಂಗಿಲ್ಲ ಅಂತ ಮಾತು ಕೊಡು," ಎಂದು ಎಂಟು ವರ್ಷದ ಹಿಂದೆ ಈರೇಶ ಕೈ ಚಾಚಿದ್ದ. ಇಂದಿರಾನಗರದ ಹೊಸ ಮನೆಯೊಂದರಲ್ಲಿ ಅವನು ಪೇಂಟರ್, ರೇವತಿ ಗೋಡೆಗೆ ಸ್ಯಾಂಡ್‌ಪೇಪರ್ ಉಜ್ಜುವವಳು. ಹಸಿ ಪಾಲಿಶ್ ಮೇಲೆ ದೂಳು ಕೂರಬಾರದೆಂದು ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಬಾಗಿಲು ಮುಚ್ಚಿಕೊಂಡು ಅವನೊಬ್ಬನೇ ಒಳಗಿರುತ್ತಿದ್ದ. ಎಷ್ಟು ಜಂಬ ಇವನಿಗೆ ಎಂದುಕೊಂಡಿದ್ದಳು.

"ಒಳಗ ಚಿನ್ನ ಇಟ್ಟೀರೇನ್ರೀ?"

"ಥಿನ್ನರ್ ಘಾಟು ಐತಿ. ನಿನ್ನ ಕಣ್ಣು ಕೆಂಪಾದ್ರ ನಾ ಯಾರನ್ನ ನೋಡ್ಲಿ?"

ಅವನ ಅಂಗೈ ಮೇಲೆ ಕೈಯಿಟ್ಟಳು. ಮಾತು ಕೊಡಲೆಂದೋ, ಮುಟ್ಟಲೆಂದೋ ಅವಳಿಗೇ ಗೊತ್ತಿರಲಿಲ್ಲ.

ಮದುವೆಯಾಗಿ ಕಗ್ಗದಾಸಪುರದ ಬಾಡಿಗೆ ಕೋಣೆಗೆ ಬಂದರು. ಈಚೆಗೆ ಈರೇಶ ಗೋಡೆ ಹಿಡಿದು ನಡೆಯುತ್ತಿದ್ದ. ಬೀಗ ಹಾಕಿದ್ದು ಮರೆಯುತ್ತಿದ್ದ. ಕುಡಿದಿದ್ದಾನೆಂದು ಅಕ್ಕಪಕ್ಕದವರು ಆಡಿಕೊಂಡರು. ಒಂದು ಸಲ ರೇವತಿಯೂ ಅವನ ಬಾಯಿ ಮೂಸಿ ನೋಡಿ, ಆಮೇಲೆ ಗೋಡೆ ಕಡೆ ತಿರುಗಿ ಅತ್ತಳು. ಎದೆ ಸ್ವಚ್ಛವಾಗುತ್ತದೆಂದು ಪೇಂಟರುಗಳೆಲ್ಲ ಕೆಲಸ ಮುಗಿದ ಮೇಲೆ ಬೆಲ್ಲ ತಿನ್ನುತ್ತಾರೆ. ಎಂಟು ವರ್ಷ ಅವಳೂ ಅದನ್ನೇ ಔಷಧಿಯೆಂದು ನಂಬಿ ಕಟ್ಟಿಕೊಟ್ಟಿದ್ದಳು.

"ಬೆಲ್ಲದಿಂದ ಏನೂ ಆಗಲ್ಲಮ್ಮ," ಎಂದರು ಕೊನೆಗೆ ಕರೆದೊಯ್ದು ತೋರಿಸಿದಾಗ ಡಾಕ್ಟರು. "ತಲೆಗೇ ಏರ್ತಿದೆ ಈ ಥಿನ್ನರ್ ಘಾಟು. ಮುಚ್ಚಿದ ರೂಮಲ್ಲಿ ಇನ್ನೊಂದು ದಿನಾನೂ ಬೇಡ."

"ಇದೊಂದು ಮುಗಿಸ್ತೀನಿ," ಎಂದ ಈರೇಶ. ಜೀವನ್ ಬಿಮಾ ನಗರದ ಫ್ಲ್ಯಾಟು, ಮೂರು ವಾರ್ಡ್‌ರೋಬು. ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ರೇವತಿ ಜೊತೆಗೇ ಹೊರಟಳು.

ಮುಚ್ಚಿದ ಬಾಗಿಲಿನಾಚೆ ಕೂತು ಮಾತಾಡಿಸುತ್ತಲೇ ಇದ್ದಳು. ಮಾತು ನಿಂತರೆ ಅವನೂ ನಿಂತುಹೋಗುತ್ತಾನೆಂಬ ಭಯ.

"ರೀ, ಇವತ್ತು ಯಾವ ಸೀರಿ ಉಟ್ಟೀನಿ ಹೇಳ್ರಿ ನೋಡೂಣು?"

"ಹಸಿರು."

"ಅದು ನಿನ್ನೆ. ಬೆಳಿಗ್ಗೆ ನನ್ನ ನೋಡೇ ಇಲ್ಲೇನು?"

"ಮುಖ ನೋಡಿದ್ನಲ್ಲ. ಸೀರಿ ಕಡೆ ಕಣ್ಣು ಹೋಗ್ಲಿಲ್ಲ."

ಅವಳು ನಕ್ಕಳು. ಕಣ್ಣು ತುಂಬಿತ್ತು.

"ಸಂಪಿಗಿ ಮುಡಿದೀನಿ. ವಾಸನಿ ಬರಾಕತ್ತೈತೇನು?"

ಒಳಗೆ ಬ್ರಶ್ಶಿನ ಸದ್ದು ನಿಂತಿತು. "ನಿನ್ನ ಹೂವಿನ ವಾಸನಿ ನನಗ ಸಿಗಲಾರದ ಎರಡು ವರ್ಷ ಆತು, ರೇವತಿ. ಹೆಂಗ ಹೇಳ್ಲಿ? ದಿನಾ ಚಂದ ಐತಿ ಅಂತ ಸುಳ್ಳು ಹೇಳಿದೆ."

ಡಬ್ಬಿ ಉರುಳಿದ ಸದ್ದಾಯಿತು.

"ರೀ? ರೀ!"

ಬಾಗಿಲಿಗೆ ಅವನೆಂದೂ ಚಿಲಕ ಹಾಕಿದವನಲ್ಲ. ಅವಳನ್ನು ಹೊರಗಿಟ್ಟದ್ದು ಅಂದು ಅವಳು ಕೊಟ್ಟ ಮಾತೊಂದೇ. ದೂಡಿದಳು. ಘಾಟು ಗಂಟಲು ಹಿಡಿಯಿತು. ಅವನು ಗೋಡೆಗೊರಗಿ ಕುಸಿದಿದ್ದ. ಪ್ಲಾಸ್ಟಿಕ್ ಹರಿದು ಕಿಟಕಿ ತೆಗೆದಳು, ಕಂಕುಳಿಗೆ ಕೈ ಕೊಟ್ಟು ಬಾಲ್ಕನಿಗೆ ಎಳೆದಳು. ರಸ್ತೆಯ ದೂಳೆಲ್ಲ ಹಸಿ ಪಾಲಿಶ್ ಮೇಲೆ ಕೂತಿತು.

"ಏನಮ್ಮಾ ಮಾಡ್ಬಿಟ್ಟೆ! ಪೂರ್ತಿ ಕೋಟ್ ಹಾಳಾಯ್ತಲ್ಲ!" ಓಡಿಬಂದ ಮೇಸ್ತ್ರಿ ಮುನಿರಾಜಪ್ಪ ಹಣೆ ಚಚ್ಚಿಕೊಂಡ.

"ಹಾಳಾಗ್ಲಿ ಅಣ್ಣಾ. ಮೊದ್ಲು ಆಟೋ ಕರೀರಿ."

ಈರೇಶ ಕಣ್ಣು ತೆರೆದ. ಅವಳ ಗುರುತು ಹಿಡಿಯಲು ಹೊತ್ತಾಯಿತು. ಅಷ್ಟು ಹೊತ್ತೂ ಅವಳು ಉಸಿರಾಡಲಿಲ್ಲ.

"ಒಳಗ ಯಾಕ ಬಂದಿ?"

"ನೀವು ಒಳಗ ಇದ್ರಿ, ಅದಕ್ಕ."

ಎಂಟು ವರ್ಷದ ಹಿಂದೆ ಕೊಟ್ಟ ಮಾತನ್ನು ರೇವತಿ ಮುರಿದಿದ್ದಳು.