ಒಂದು ಚಿಟಿಕೆ ಮೈದಾ

ನಮ್ಮ ಕನ್ನಡಕದ ಅಂಗಡಿಗೆ ಅವನು ಮೊದಲ ಸಲ ಬಂದದ್ದು ಕಣ್ಣು ಮಂಜಾಗಿದೆ ಎಂಬ ದೂರು ಹೊತ್ತು. ಅವನ ಕನ್ನಡಕ ತೆಗೆದು ನೋಡಿದರೆ ಗಾಜಿನ ತುಂಬ ಹಿಟ್ಟು. ಎದುರಿನ ಬೇಕರಿಯವನು, ಕನ್ನಡಕ ಒರೆಸುವುದೂ ಏಪ್ರನ್ನಿನಲ್ಲೇ.

"ನಿಮ್ಮ ಕಣ್ಣು ಚೆನ್ನಾಗೇ ಇದೆ, ಮೈದಾ ಮಹಾರಾಜರೇ. ಒಂದು ಒಳ್ಳೆ ಬಟ್ಟೆ ಇಟ್ಕೊಳ್ಳಿ," ಎಂದು ಒರೆಸಿ ಕೊಟ್ಟೆ.

ಹಾಕಿಕೊಂಡವನು ಗೋಡೆಯ ಅಕ್ಷರಗಳನ್ನು ಬಿಟ್ಟು ನನ್ನನ್ನೇ ಓದಿದ. "ಈಗ ಚೆನ್ನಾಗಿ ಕಾಣ್ತಿದೆ," ಎಂದ. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ.

ಮರುದಿನದಿಂದ ಬಿಸಿ ಬನ್ನು ಬರತೊಡಗಿತು. ನನಗೆ ಕಾಲೇಜು ದಿನಗಳಿಂದಲೂ ಥೈರಾಯ್ಡ್. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ ಸ್ವಲ್ಪ ಹೊತ್ತು ಕಾಯಬೇಕು. ಆ ಹೊತ್ತು ಮುಗಿಯುವುದನ್ನೇ ಕಾದಿದ್ದು ಅವನು ರಸ್ತೆ ದಾಟಿ ಬರುತ್ತಿದ್ದ. ಹಾಗೆ ದಾಟಿ ದಾಟಿ ಮದುವೆಯ ಮಾತಿಗೂ ಬಂದ. ಬೇಕರಿಯ ಮೇಲಿನ ಕೋಣೆಗೆ ಯಾವ ಬಣ್ಣ ಬಳಿಸಲಿ ಎಂದು ಕೇಳಿದ್ದಕ್ಕೆ ತಮಾಷೆಗೆ ಬನ್ನಿನ ಬಣ್ಣ ಎಂದೆ. ಅದನ್ನೇ ಬಳಿಸಿದ.

ಆದರೆ ಮಾತ್ರೆಯ ಡೋಸು ಏರುತ್ತಲೇ ಹೋಯಿತು, ನಾನು ಇಳಿಯುತ್ತಲೇ ಹೋದೆ. ಕೂದಲು ಉದುರಿತು, ಹೊಟ್ಟೆ ಉಬ್ಬರಿಸಿತು, ಮೆಟ್ಟಿಲು ಹತ್ತಿದರೆ ಏದುಸಿರು. ಗಾಳಿ ಬಂದರೆ ಹಾರಿಹೋಗುತ್ತೀಯ ಎಂದು ಅವನು ಎರಡೆರಡು ಬನ್ನು ತಂದ. ಅವನ ಕಣ್ಣೆದುರೇ ಎರಡನ್ನೂ ತಿನ್ನುತ್ತಿದ್ದೆ, ಪ್ರೀತಿಯಿಂದ.

ಕೊನೆಗೆ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿ, ಬಿಡಿಸಿ ಹೇಳಿದರು. ರೋಗ ತಡೆಯಬೇಕಾದ ನನ್ನ ಮೈಯ ಕಾವಲುಗಾರರಿಗೆ ತಮ್ಮವರು ಯಾರು, ಹೊರಗಿನವರು ಯಾರು ಎಂಬುದು ತಿಳಿಯದು. ಮೊದಲು ಥೈರಾಯ್ಡ್ ಗ್ರಂಥಿಯ ಮೇಲೆ ಬಿದ್ದರು. ಅಲ್ಲಿ ಬಿದ್ದವರು ಕೆಲವರಲ್ಲಿ ಚರ್ಮದ ಮೇಲೋ ಕೀಲುಗಳ ಮೇಲೋ ಬೀಳುವುದುಂಟು. ನನ್ನಲ್ಲಿ ಕರುಳಿನ ಮೇಲೆ. ಗೋಧಿ ಒಳಗೆ ಹೋದಾಗಲೆಲ್ಲ ಕರುಳಿಗೆ ಏಟು, ಅದರಿಂದ ಮಾತ್ರೆಯೂ ಮೈಗೆ ಹತ್ತುತ್ತಿಲ್ಲ. ಇನ್ನು ಜೀವಮಾನವಿಡೀ ಗೋಧಿಯಾಗಲಿ ಮೈದಾ ಆಗಲಿ ಒಂದು ಚಿಟಿಕೆಯೂ ಕೂಡದು ಎಂದರು. ನಾನು ನಕ್ಕುಬಿಟ್ಟೆ. ಯಾಕೆಂದು ಕೇಳಿದ್ದಕ್ಕೆ, ಮದುವೆಯಾಗುವವನು ಬೇಕರಿಯವನು ಎಂದೆ. ಅವರು ನಗಲಿಲ್ಲ.

ಅಂದಿನಿಂದ ಅವನು ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಅಂಗಿ ಬದಲಿಸಿ, ಆಮೇಲೆ ನನ್ನ ಕೈ ಹಿಡಿಯುತ್ತಿದ್ದ. ಅವನ ಅಮ್ಮ ಕೆಟ್ಟವರಲ್ಲ. ಇಷ್ಟೇ ಇಷ್ಟು ತಿಂದರೆ ಏನಾಗುತ್ತದೆ ತಾಯಿ ಎಂದು ಪ್ರತಿಸಲವೂ ಕೇಳುತ್ತಿದ್ದರು.

ನನ್ನ ಹುಟ್ಟಿದ ದಿನ ಬೇಕರಿಗೆ ರಜೆ ಹಾಕಿ ಅಕ್ಕಿಹಿಟ್ಟಿನ ಕೇಕು ಮಾಡಲು ನಿಂತ. ಹೊಸ ಪಾತ್ರೆ, ಹೊಸ ಅಚ್ಚು, ಉಜ್ಜಿ ತೊಳೆದ ಓವನ್ನು. ನಾನು ಪಕ್ಕದ ಸ್ಟೂಲಿನಲ್ಲಿ. ಅವನು ಕಲಸುತ್ತ ನನ್ನನ್ನು ನೋಡುತ್ತಿದ್ದ, ನಾನು ಅವನ ಕೈಗಳನ್ನು ನೋಡುತ್ತಿದ್ದೆ. ನೀನು ಹಾಗೆ ನೋಡಿದರೆ ಕೇಕು ನಾಚಿ ಉಬ್ಬುವುದೇ ಇಲ್ಲ ಎಂದು ಕಾಡಿದ.

ಮಾತಾಡುತ್ತಲೇ ಅಚ್ಚಿಗೆ ಬೆಣ್ಣೆ ಸವರಿದ. ಆಮೇಲೆ ಆ ಕೈ ತಾನಾಗಿ ಬೆನ್ನ ಹಿಂದಿನ ಡಬ್ಬಿಗೆ ಹೋಯಿತು. ಕೇಕು ಅಂಟದಿರಲೆಂದು ದಿನವೂ ಮಾಡುವಂತೆ, ಒಂದು ಚಿಟಿಕೆ ಮೈದಾ ಉದುರಿಸಿ, ಅಚ್ಚನ್ನು ತಿರುಗಿಸಿ ತಟ್ಟಿತು. ಅವನಿಗೆ ಗೊತ್ತೇ ಆಗಲಿಲ್ಲ. ಈಗ ನೋಡುತ್ತಾನೆ, ಇನ್ನೇನು ನೋಡುತ್ತಾನೆ ಎಂದು ನಾನು ಸುಮ್ಮನೆ ಕಾದೆ. ಕೇಕು ಬೆಂದಿತು, ಆರಿತು. ತುಂಡೊಂದನ್ನು ನನ್ನ ತುಟಿಗೆ ಹಿಡಿದ.

"ಅಚ್ಚಿಗೆ ಏನು ಉದುರಿಸಿದೆ?"

ಅವನು ತನ್ನ ಕೈಯನ್ನೇ ನೋಡಿಕೊಂಡ, ಬೇರೆ ಯಾರದೋ ಕೈ ಎಂಬಂತೆ.

"ಇನ್ಮೇಲೆ ಹುಷಾರಾಗಿರ್ತೀನಿ ಕಣೇ."

"ದಿನಾ? ಸಾಯೋವರೆಗೂ?"

ಬೇಕರಿ ಮುಚ್ಚಿಬಿಡುತ್ತೇನೆ ಎಂದು ಬಾಯಿಮಾತಿಗೆ ಅಂದಿದ್ದರೂ ಸಾಕಿತ್ತು. ಮುಚ್ಚಲು ನಾನು ಬಿಡುತ್ತಲೇ ಇರಲಿಲ್ಲ. ಆದರೆ ಆ ಮಾತು ನನಗೆ ಬೇಕಿತ್ತು, ಅದಕ್ಕಾಗಿ ಸ್ಟೂಲಿನ ಮೇಲೆ ಕೂತೇ ಇದ್ದೆ. ಅವನು ಅಚ್ಚು ತೊಳೆಯಲು ಹೋದ. ನಾನು ಎದ್ದು ಬಂದೆ.

ಮದುವೆ ನಿಂತಿತು. ಗೋಧಿ ಬಿಟ್ಟ ಮೇಲೆ ಮಾತ್ರೆ ಮೈಗೆ ಹತ್ತಿತು. ಕೂದಲು ಬಂತು, ಕೆನ್ನೆ ತುಂಬಿತು. ಇಷ್ಟು ಲಕ್ಷಣವಾಗಿ ನಾನು ಯಾವತ್ತೂ ಇರಲಿಲ್ಲ. ಹಾಳಾದ್ದು, ಯಾರಿಗೆ ಬೇಕಿತ್ತು?

ಮೊನ್ನೆ ಬಂದ, ಅವನ ಕಣ್ಣಿನ ನಂಬರು ಬದಲಾಗಿತ್ತು. ಹೊಸ ಕನ್ನಡಕವನ್ನು ನಾನೇ ಕಿವಿಗೆ ಕೂರಿಸಿದೆ. ತೊಳೆದುಕೊಂಡೇ ಬಂದಿದ್ದ, ಅಂಗಿಯೂ ಬೇರೆ. ಕಿವಿಯ ಹಿಂದೆ ಮಾತ್ರ ಒಂದಿಷ್ಟು ಹಿಟ್ಟು.

"ಈಗ ಚೆನ್ನಾಗಿ ಕಾಣ್ತಿದೆಯಾ?"

"ಕಾಣ್ತಿದೆ," ಎಂದ, ನನ್ನತ್ತ ನೋಡದೆ.

ಗಾಜು ಒರೆಸುವ ಬಟ್ಟೆಯಿಂದ ಆ ಹಿಟ್ಟನ್ನು ಮೆಲ್ಲಗೆ ಒರೆಸಿದೆ. ಅವನು ಕಣ್ಣು ಮುಚ್ಚಿದ.

ಅವನು ರಸ್ತೆ ದಾಟಿದ ಮೇಲೆ ಆ ಬಟ್ಟೆಯನ್ನು ಕಸದ ಬುಟ್ಟಿಗೆ ಹಾಕಿ, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡೆ.